ಭಾವನಿಗೊಂದು ಡ್ರೈವರ್ ಬೇಕಾಗಿತ್ತು

ಹಳೇಬೀಡಿನ ನಮ್ಮ ಭಾವನ ಮನೆಗೆ ಒಂದು ಬೆಳಿಗ್ಗೆ ಜಾವಗಲ್ಲಿನಿಂದ ಒಬ್ಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಲೈಸೆನ್ಸು. ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು ವಿಷಯಕ್ಕೆ ಬಂದರು.

"ಲಾಂಗ್ ಡಿಸ್ಟೆನ್ಸ್ ಡ್ರೈವರ್ ಹುಡುಕ್ತಾ ಇದೀರಂತಲ್ಲ ಸ್ವಾಮಿ. ನಾನು ಬಾಂಬೆವರೆಗೂ ಲಾರಿ ಹೊಡ್ದಿವ್ನಿ."

ಭಾವ ಒಳಗೆ ಹೋಗಿ, ನಗು ಮುಗಿಸಿಕೊಂಡು ಹೊರಗೆ ಬಂದರು. ತಮಗೆ ಬೇಕಾಗಿರುವ ಡ್ರೈವರ್ ಪ್ಲಾಸ್ಟಿಕ್ಕಿನದು, ತಿಂಡಿ ತಟ್ಟೆಯಷ್ಟು ಅಗಲ, ಎಸೆದರೆ ದೂರ ಹೋಗಬೇಕು, ಅಷ್ಟೇ ಅದರ ಕೆಲಸ ಎಂದು ಸಮಾಧಾನವಾಗಿ ವಿವರಿಸಿದರು. ಆತ ನಂಬಲಿಲ್ಲ. ಯಾರು ತಾನೇ ನಂಬುತ್ತಾರೆ? ಬೇರೆ ಯಾರನ್ನೋ ಆಗಲೇ ಗೊತ್ತು ಮಾಡಿಕೊಂಡಿದ್ದಾರೆ ಅಂದುಕೊಂಡು ಬಸ್ಸು ಹತ್ತಿದರು. (ಸುದ್ದಿ ಹಬ್ಬಿಸಿದ್ದು ನಮ್ಮಕ್ಕ ವಿಮಲ. ಭಾವ, ಭಾಮೈದ ಇಬ್ಬರೂ ಒಳ್ಳೇ ಡ್ರೈವರ್ ಹುಡುಕುವುದರಲ್ಲೇ ಮುಳುಗಿದ್ದಾರೆ ಎಂದು ಪಕ್ಕದ ಮನೆಯವರ ಹತ್ತಿರ ಗೊಣಗಿದ್ದಳು.)

ಆವತ್ತು ಭಾವ, ಅಕ್ಕ, ನಾನು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ಹಾಗೆ ನಕ್ಕಿದ್ದು ಅದೇ ಕೊನೆ ಇರಬೇಕು.

ಈ ಅಂಕಣ ಓದುವವರಿಗೆ ಭಾವ ಹೊಸಬರಲ್ಲ. ಮನೆಗೆ ಫೋನು ಬಂದ ಹೊಸತರಲ್ಲಿ ಎದ್ದು ನಿಂತೇ ಮಾತಾಡುತ್ತಿದ್ದರು ಎಂದು ಹಿಂದೊಮ್ಮೆ ಬರೆದಿದ್ದೆನಲ್ಲ, ಅವರೇ. ಪದ್ಮರಾಜ್. ಹಳೇಬೀಡಿನಲ್ಲಿ ಕೊಬ್ಬರಿ ವ್ಯಾಪಾರ. ಹುಲಿಕೆರೆ ರಸ್ತೆಯ ಪಕ್ಕ ತೆಂಗಿನ ತೋಟ. ವಯಸ್ಸು ಐವತ್ತರ ಆಸುಪಾಸು. ಕೊಬ್ಬರಿ ಮೂಟೆಯನ್ನು ಒಬ್ಬರೇ ಎತ್ತಿ ಲಾರಿಗೆ ಹಾಕುತ್ತಿದ್ದ ಮನುಷ್ಯ. ನಾನು ಅರಸೀಕೆರೆಯಲ್ಲಿ ಬ್ಯಾಂಕಿನ ಕುರ್ಚಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂರುವವನು. ನಮ್ಮಿಬ್ಬರ ಕೈಗೂ ಹೋಲಿಕೆಯೇ ಇರಲಿಲ್ಲ.

ಅವರಿಗೆ ಈ ಪ್ಲಾಸ್ಟಿಕ್ ತಟ್ಟೆಯ ಹುಚ್ಚು ಹಿಡಿಸಿದ್ದು ಮಾರ್ಥಾ. ಹೊಯ್ಸಳರ ಶಿಲ್ಪ ಓದಲು ಬಂದಿದ್ದ ವಿದೇಶಿ ಹೆಂಗಸು. ಒಂದು ಚಳಿಗಾಲ ಪೂರ್ತಿ ಭಾವನ ಮನೆಯ ಮಹಡಿ ರೂಮಿನಲ್ಲಿದ್ದಳು. ದಿನವೆಲ್ಲ ದೇವಸ್ಥಾನದ ಗೋಡೆ ನೋಡುವುದು, ಸಂಜೆ ತೋಟದಲ್ಲಿ ಒಬ್ಬಳೇ ತಟ್ಟೆ ಎಸೆಯುವುದು. ಆಟದ ಹೆಸರು ಡಿಸ್ಕ್ ಗಾಲ್ಫ್. ಗಾಲ್ಫಿನಲ್ಲಿ ಚೆಂಡನ್ನು ಗುಂಡಿಗೆ ಹಾಕುತ್ತಾರಲ್ಲ, ಇಲ್ಲಿ ತಟ್ಟೆಯನ್ನು ಬುಟ್ಟಿಗೆ ಹಾಕಬೇಕು. ಕಡಿಮೆ ಎಸೆತದಲ್ಲಿ ಹಾಕಿದವರು ಗೆದ್ದ ಹಾಗೆ. ಭಾವ ಒಂದು ಹಳೇ ಮಂಕರಿಯನ್ನು ಸೊಂಟದೆತ್ತರಕ್ಕೆ ತೆಂಗಿನ ಮರಕ್ಕೆ ಕಟ್ಟಿಕೊಟ್ಟರು. ಆಮೇಲೆ ತಾವೂ ಎಸೆದರು. ಆಮೇಲೆ ಬಿಡಲಿಲ್ಲ.

ಭಾನುವಾರದ ಬಸ್ಸಿಗೆ ಹೋಗಿ ನಾನೂ ಸೇರಿಕೊಂಡೆ. ಆಟ ಹೊತ್ತು ಮುಳುಗುವ ಮೊದಲೇ ಮುಗಿಯಬೇಕು. ನಾವು ಜೈನರು, ಭಾವನ ಮನೆಯಲ್ಲಿ ಕತ್ತಲಾದ ಮೇಲೆ ಊಟವಿಲ್ಲ. ಮಾರ್ಥಾ ಊರಿಗೆ ಹೊರಡುವಾಗ ತನ್ನ ಡಿಸ್ಕುಗಳ ಚೀಲವನ್ನು ನಮಗೇ ಬಿಟ್ಟುಹೋದಳು. ಹತ್ತಿರದ ಎಸೆತಕ್ಕೆ ದಪ್ಪ ಅಂಚಿನವು, ದೂರದ ಎಸೆತಕ್ಕೆ ಚೂಪು ಅಂಚಿನವೆರಡು. ಆ ಚೂಪು ಅಂಚಿನದೇ ಡ್ರೈವರ್. ಹೋಗುವಾಗ ನಮಗೆ ದರ್ಜೆಯನ್ನೂ ಕೊಟ್ಟಳು: ನೀವಿನ್ನು ಕಲಿಯುವವರಲ್ಲ, ಪಳಗಿದವರೂ ಅಲ್ಲ, ಇಂಟರ್‌ಮೀಡಿಯೆಟ್. ಪಿಯುಸಿಯನ್ನೇ ದಾಟದ ತಾನು ಕೊನೆಗೂ ಒಂದು ಇಂಟರ್‌ಮೀಡಿಯೆಟ್ ಪಾಸಾದೆ ಎಂದು ಭಾವ ಊರೆಲ್ಲ ಹೇಳಿಕೊಂಡು ಬಂದರು.

ತೋಟದ ಗೇಟಿನ ಹತ್ತಿರ ನಿಂತು ಎಸೆದರೆ ಭಾವನ ಡ್ರೈವರ್ ಬಾವಿ ದಾಟಿ ಬೀಳುತ್ತಿತ್ತು. ನನ್ನದು ಬಾವಿಯ ಇತ್ತಲೇ. ಇದು ನಮ್ಮ ಮನೆಯ ಸ್ಥಿರವಾದ ಲೆಕ್ಕ.

ಹೋದ ಮಳೆಗಾಲದ ಹೊತ್ತಿಗೆ ಆ ಲೆಕ್ಕ ತಪ್ಪತೊಡಗಿತು. ಭಾವನ ಎಸೆತ ಬಾವಿಯವರೆಗೆ ಹೋಗುವುದರೊಳಗೆ ಎಡಕ್ಕೆ ವಾಲಿ, ಬೇಲಿಯ ಕಳ್ಳಿಗೆ ಬೀಳುತ್ತಿತ್ತು. ಡಿಸ್ಕನ್ನು ತಿರುಗಿಸಿ ನೋಡಿದೆವು. ಕಲ್ಲಿಗೆ ತಗುಲಿ ಅಂಚೆಲ್ಲ ಸವೆದಿದೆ. ಕಾರಣ ಸಿಕ್ಕಿತಲ್ಲ, ಹೊಸದು ತರಿಸಿದರಾಯಿತು.

ಹಾಗೆ ಶುರುವಾಯಿತು ನೋಡಿ ಡ್ರೈವರ್ ಹುಡುಕಾಟ. ಅರಸೀಕೆರೆಯ ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಕೆಫೆಯಲ್ಲಿ ನಾನು ಕೂರುವುದು, ಒಂದೊಂದು ಚಿತ್ರವೂ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುವುದನ್ನು ಕಾಯುವುದು, ಭಾನುವಾರ ಭಾವನಿಗೆ ವರದಿ ಒಪ್ಪಿಸುವುದು. ಭಾವನಿಗೆ ಎಲ್ಲಕ್ಕಿಂತ ವೇಗದ್ದೇ ಬೇಕು. ಅತಿ ಚೂಪು, ಅತಿ ಅಗಲದ ಅಂಚು, ಚಾಂಪಿಯನ್ನರು ಎಸೆಯುವಂಥದ್ದು.

ಮಾರ್ಥಾ ಈಮೇಲಿನಲ್ಲಿ ಬೇಡವೆಂದಳು. ವೇಗದ ಡಿಸ್ಕಿಗೆ ವೇಗದ ಕೈ ಬೇಕು. ಕೈ ಅಷ್ಟು ಜೋರು ಕೊಡದಿದ್ದರೆ ಅದು ಹಾರುವುದೇ ಇಲ್ಲ, ಬಲಗೈಯಿಂದ ಎಸೆದದ್ದು ಬೇಗ ಎಡಕ್ಕೆ ಕುಸಿದು ಬೀಳುತ್ತದೆ. ನಡುವಿನ ದರ್ಜೆಯ ಆಟಗಾರರೆಲ್ಲ ಮಾಡುವ ತಪ್ಪೇ ಇದು. ನಿಮ್ಮಂಥವರಿಗೆ ಅಂಚು ಸ್ವಲ್ಪ ಕಿರಿದಾಗಿರಲಿ, ತೂಕ ಕಡಿಮೆ ಇರಲಿ, ಮೊದಲು ಕೊಂಚ ಬಲಕ್ಕೆ ತೇಲಿ ಆಮೇಲೆ ನೆಟ್ಟಗಾಗುವಂಥದ್ದು ಇರಲಿ ಎಂದು ಬರೆದಳು.

ಇದು ಬರೀ ಡಿಸ್ಕಿನ ಮಾತೇ? ಅಂಗಡಿಗೆ ಹೋದಾಗ ನಾವು ನಮಗೆ ಆಗುವುದನ್ನು ಕೊಳ್ಳುತ್ತೇವಾ, ಇಲ್ಲ ನಾವು ಯಾರ ಹಾಗೆ ಆಗಬೇಕು ಅಂದುಕೊಂಡಿದ್ದೇವೋ ಅವರಿಗೆ ಆಗುವುದನ್ನು ಕೊಳ್ಳುತ್ತೇವಾ? ಮನೆಯಿಂದ ಬ್ಯಾಂಕಿಗೆ ಹೋಗಿಬರಲು ನನಗೆ ಅಷ್ಟು ಜೋರಿನ ಬೈಕ್ ಯಾಕೆ ಬೇಕಿತ್ತು? (ಹೆಂಡತಿ ಇದನ್ನು ಇನ್ನೂ ಕೇಳುತ್ತಿದ್ದಾಳೆ.)

ಭಾವ ಒಲ್ಲದ ಮನಸ್ಸಿನಿಂದ ಒಪ್ಪಿದರು. ಮಾರ್ಥಾ ಹಗುರದ್ದೊಂದು ಆರಿಸಿ ಕಳಿಸಿದಳು. ಕಿತ್ತಳೆ ಬಣ್ಣ. ಕಳೆದರೆ ಹುಲ್ಲಿನಲ್ಲಿ ಬೇಗ ಕಾಣಲಿ ಅಂತ.

ಮೊದಲ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಕೆರೆ ಕಡೆಯಿಂದ ಸಣ್ಣ ಗಾಳಿ. ಭಾವ ಎರಡು ಹೆಜ್ಜೆ ಓಡಿ ಎಸೆದರು. ಕಿತ್ತಳೆ ತಟ್ಟೆ ಬಲಕ್ಕೆ ಸ್ವಲ್ಪ ವಾಲಿತು, ತೆಂಗಿನ ಸಾಲಿನ ನಡುವೆ ನೆಟ್ಟಗಾಯಿತು, ಇನ್ನೇನು ಬೀಳಬೇಕು ಅನ್ನುವಾಗ ಮತ್ತಷ್ಟು ತೇಲಿ ಬಾವಿ ದಾಟಿತು. ಭಾವ ಸೊಂಟದ ಮೇಲೆ ಕೈ ಇಟ್ಟುಕೊಂಡು ಅದು ಬಿದ್ದ ಜಾಗವನ್ನೇ ನೋಡುತ್ತ ನಿಂತರು. ಒಳ್ಳೆಯದನ್ನು ಆರಿಸಿಬಿಟ್ಟೆವು ಎಂಬ ತೃಪ್ತಿ ಇದೆಯಲ್ಲ, ಅದಕ್ಕೆ ಸಮ ಯಾವುದಿದೆ?

ಆ ತೃಪ್ತಿ ದೀಪಾವಳಿಯವರೆಗೂ ಉಳಿಯಲಿಲ್ಲ. ಕಿತ್ತಳೆಯದೂ ಎಡಕ್ಕೆ ಬೀಳತೊಡಗಿತು. ಬಾವಿಯ ಇತ್ತ. ಇನ್ನೂ ಇತ್ತ. ಭಾವನ ಪ್ರಕಾರ ತಪ್ಪು ಗಾಳಿಯದು. ಇನ್ನೊಂದು ವಾರ, ಪ್ಲಾಸ್ಟಿಕ್ಕಿನದು. ನಾನೂ ತಲೆಯಾಡಿಸಿ, ಇದಕ್ಕಿಂತ ಹಗುರದ್ದು ಸಿಗುತ್ತದಾ ನೋಡೋಣ ಅಂದೆ. ಮತ್ತೆ ಸೈಬರ್ ಕೆಫೆ, ಮತ್ತೆ ಚಿತ್ರಗಳು.

ಅಷ್ಟರಲ್ಲಿ ಅಕ್ಕ ಬೇರೇನೋ ನೋಡುತ್ತಿದ್ದಳು. ಭಾವ ಷರ್ಟಿನ ಗುಂಡಿ ಹಾಕಿಕೊಳ್ಳುವುದು ಬಿಟ್ಟು ತಲೆಯ ಮೇಲಿಂದ ಹಾಕಿಕೊಳ್ಳುವ ಬನಿಯನ್ನಿನಲ್ಲೇ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯ ಬೀಗಕ್ಕೆ ಕೀ ತಿರುಗಿಸಲು ಎರಡೂ ಕೈ ಬೇಕಾಗುತ್ತಿತ್ತು. ತೋಳಿನ ಚರ್ಮದ ಕೆಳಗೆ ಏನೋ ಮಿಡುಕುತ್ತಿರುತ್ತದೆ, ಒಳಗೆ ಮೀನಿನ ಮರಿ ಓಡಾಡಿದ ಹಾಗೆ ಎಂದು ತಾವೇ ತಮಾಷೆ ಮಾಡಿದ್ದರಂತೆ. ನರ ಹಿಡಿದಿರಬೇಕು ಅಂತ ಬೇಲೂರಿಗೆ ಹೋಗಿ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡೂ ಬಂದಿದ್ದರು. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಭಾನುವಾರದ ನೆಂಟನಿಗೆ ಗುಂಡಿ, ಬೀಗದ ಸುದ್ದಿ ಯಾರು ಹೇಳುತ್ತಾರೆ?

ಸಂಕ್ರಾಂತಿ ಕಳೆದ ಮೇಲೊಂದು ಭಾನುವಾರ. ಭಾವ ಎಸೆದ ಕಿತ್ತಳೆ ಡಿಸ್ಕು ಗೇಟಿನ ಹತ್ತಿರದ ಮೂರನೇ ಮರದ ಬುಡಕ್ಕೇ ಬಿತ್ತು. ನಾನು ಹೆಕ್ಕಿಕೊಂಡು ಬಂದೆ. ಗಾಳಿ ಇರಲಿಲ್ಲ. ಅವರು ಅದನ್ನು ವಾಪಸ್ ಇಸಿದುಕೊಳ್ಳಲಿಲ್ಲ. ನೀನೇ ಎಸೆ ಅಂದರು. ನನ್ನ ಡಿಸ್ಕು ಬೇರೆ ಇದೆಯಲ್ಲ ಅಂದೆ. ಅಲ್ಲ, ಇದನ್ನೇ ಎಸೆ ಅಂದರು.

ಎಸೆದೆ. ಬ್ಯಾಂಕಿನ ಕುರ್ಚಿಯಲ್ಲಿ ಕೂರುವವನ ಕೈ. ಅದು ಬಲಕ್ಕೆ ವಾಲಿ, ನೆಟ್ಟಗಾಗಿ, ಆರಾಮವಾಗಿ ಬಾವಿ ದಾಟಿತು.

ಗೆದ್ದವನಿಗೆ ಅಷ್ಟು ಭಯವಾಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭಾವ ನನ್ನ ಹತ್ತಿರ ಬಂದರು. "ನಿನ್ನ ಬಲಗೈ ಒಂದ್ಸಲ ತೋರ್ಸು" ಅಂದರು. ನನ್ನ ಕೈ ಪಕ್ಕಕ್ಕೆ ತಮ್ಮ ಕೈ ಹಿಡಿದರು. ಹೆಬ್ಬೆರಳು, ತೋರುಬೆರಳಿನ ನಡುವೆ ಮಾಂಸದ ಒಂದು ಸಣ್ಣ ದಿಣ್ಣೆ ಇರುತ್ತದಲ್ಲ, ನನ್ನ ಕೈಯಲ್ಲಿ ಅದಿತ್ತು. ಅವರ ಕೈಯಲ್ಲಿ ಆ ಜಾಗ ಗುಳಿ ಬಿದ್ದಿತ್ತು. ಮೂಟೆ ಎತ್ತುತ್ತಿದ್ದ ಕೈ.

"ಡಿಸ್ಕ್ ಸರಿಯಾಗೇ ಐತೆ ಕಣಯ್ಯ" ಅಂದರು.

ಆಮೇಲಿನದು ಹಾಸನದ ಡಾಕ್ಟರು, ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆ. ಸ್ನಾಯುಗಳನ್ನು ಆಡಿಸುವ ನರಗಳೇ ಒಂದೊಂದಾಗಿ ಸಾಯುವ ಕಾಯಿಲೆ. ಕೈಯಿಂದ ಶುರುವಾಗಿದೆ, ಕಾಲಿಗೆ ಹೋಗುತ್ತದೆ, ಮಾತಿಗೆ, ಉಸಿರಿಗೆ. ಬುದ್ಧಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. (ಇದನ್ನು ಡಾಕ್ಟರು ಸಮಾಧಾನದ ಮಾತಾಗಿ ಹೇಳಿದರು. ನನಗೆ ಹಾಗೆ ಕೇಳಿಸಲಿಲ್ಲ.) ವಾಸಿ ಮಾಡುವ ಔಷಧಿ ಇಲ್ಲ. ಭಾವ ಹೊರಗೆ ಕೂತಿದ್ದಾಗ ನಾನು ಡಾಕ್ಟರನ್ನು ಕೇಳಿದೆ: ನಾವು ಮಳೆಗಾಲದಲ್ಲೇ ಬಂದಿದ್ದರೆ? ಬಂದಿದ್ದರೂ ಇದೇ ಮಾತು ಹೇಳುತ್ತಿದ್ದೆ, ಆರು ತಿಂಗಳು ಮೊದಲು ಹೇಳುತ್ತಿದ್ದೆ ಅಷ್ಟೆ ಎಂದರು.

ವಾಪಸ್ ಅರಸೀಕೆರೆಗೆ ರೈಲು. ಭಾವ ಕಿಟಕಿ ಪಕ್ಕ ಕೂತಿದ್ದರು. ತುಮಕೂರು ದಾಟಿತು. ತಿಪಟೂರಿನಲ್ಲಿ ಅವರ ಕೊಬ್ಬರಿ ವ್ಯಾಪಾರದ ಗುರುತಿನವರೊಬ್ಬರು ಹತ್ತಿ, ರೇಟು ಹೇಗಿದೆ ಅಂತ ಕೇಳಿದರು. ಭಾವ ಸರಿಯಾಗಿಯೇ ಉತ್ತರ ಕೊಟ್ಟರು. ಆತ ಮುಂದಿನ ಬೋಗಿಗೆ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಪಾಪ, ಆ ಡಿಸ್ಕನ್ನ ಸುಮ್ಮನೆ ಬೈದ್ವಿ ಕಣಯ್ಯ."

ಅಳು ಬಂದದ್ದು ನನಗೆ. ಅವರು ಎಡಗೈಯಿಂದ ನನ್ನ ಬೆನ್ನು ತಟ್ಟಿದರು.

ಯೋಚಿಸಿ ನೋಡಿ, ನಾವೆಲ್ಲರೂ ಮಾಡುವುದು ಇದನ್ನೇ ಅಲ್ಲವೇ? ಅಕ್ಷರ ಮಸುಕಾದರೆ ಪತ್ರಿಕೆಯ ಪ್ರಿಂಟು ಸರಿಯಿಲ್ಲ. ಮಾತು ಕೇಳದಿದ್ದರೆ ಟೀವಿ ಸೌಂಡು ಹಾಳಾಗಿದೆ. ನಿದ್ದೆ ಬರದಿದ್ದರೆ ದಿಂಬು ಬದಲಾಯಿಸುತ್ತೇವೆ. ನಮ್ಮೊಳಗೆ ಏನಾದರೂ ಮುಗಿಯುತ್ತಾ ಬಂದಾಗ ಕೈಗೆ ಸಿಕ್ಕ ಸಾಮಾನಿನ ಮೇಲೆ ಅನುಮಾನ. ಸಾಮಾನನ್ನು ಬದಲಾಯಿಸಬಹುದಲ್ಲ, ಅದಕ್ಕೆ.

ಅಕ್ಕನಿಗೆ ಸಮಾಧಾನವಾಗಲಿ ಎಂದು ಡಾಕ್ಟರ ಮಾತು ಹೇಳಿದೆ. ಮೊದಲೇ ಗೊತ್ತಾಗಿದ್ದರೂ ಏನೂ ಮಾಡಲಾಗುತ್ತಿರಲಿಲ್ಲವಂತೆ ಎಂದೆ. ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹಾಗಾದ್ರೆ ನೀವಿಬ್ರೂ ಡಿಸ್ಕ್ ಆರಿಸ್ತಾ ಕೂತಿದ್ದ ದಿನಗಳೇ ವಾಸಿ ಕಣೋ. ಬೈಯೋಕಾದ್ರೂ ಒಂದು ಇತ್ತು."

ಈಗ ಬೇಸಿಗೆ. ಭಾವನ ಬಲಗೈ ತೊಡೆಯ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತದೆ. ಎಡಗೈಯೂ ಅದರ ದಾರಿ ಹಿಡಿದಿದೆ. ಅಂಗಡಿಯನ್ನು ಬಾಣಾವರದ ಅವರ ತಮ್ಮ ಬಂದು ನೋಡಿಕೊಳ್ಳುತ್ತಾರೆ. ಊಟ ಅಕ್ಕ ಮಾಡಿಸಬೇಕು. ತುತ್ತು ನುಂಗಲು ಹೊತ್ತು ಹಿಡಿಯುತ್ತದೆ. ಕತ್ತಲಾಗುವುದರೊಳಗೆ ಮುಗಿಯಬೇಕಲ್ಲ, ಹಾಗಾಗಿ ಅವಳು ಬಿಸಿಲು ಇಳಿಯುವ ಮೊದಲೇ ತಟ್ಟೆ ಹಿಡಿದು ಕೂರುತ್ತಾಳೆ. ಇಂಥ ಸ್ಥಿತಿಯಲ್ಲಿ ನೇಮ ಸಡಿಲ ಮಾಡಿಕೊಳ್ಳಬಹುದು ಎಂದು ಬಸದಿಗೆ ಬರುವ ಹಿರಿಯರೇ ಹೇಳಿದರು. ಭಾವ ಒಪ್ಪಲಿಲ್ಲ. ತಮ್ಮ ಕೈಯಲ್ಲಿ ಉಳಿದಿರುವುದು ಅದೊಂದೇ ಎಂದರಂತೆ.

ನಾನು ಭಾನುವಾರ ಹೋಗುವುದನ್ನು ಬಿಟ್ಟಿಲ್ಲ. ಈಚಿನ ಕೆಲವು ವಾರ ಆಟ ಬಿಟ್ಟಿದ್ದೆ. ಆದರೆ ಕಳೆದ ವಾರ ಹೋದಾಗ ಭಾವ ಹಟ ಹಿಡಿದರು. ಅಕ್ಕ, ನಾನು ಸೇರಿ ಅವರನ್ನು ಜೀಪಿನಲ್ಲಿ ತೋಟಕ್ಕೆ ಕರೆದುಕೊಂಡು ಹೋದೆವು. ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರಿಸಿದೆವು. ಆ ಕಿತ್ತಳೆಯದನ್ನೇ ಎಸೆಯಲು ನನಗೆ ಹೇಳಿದರು. ಮೊದಲ ಸಲ ಬೇಕಂತಲೇ ಮೆತ್ತಗೆ ಎಸೆದೆ. ಅವರಿಗೆ ತಿಳಿಯದೇ ಇರುತ್ತದೆಯೇ? ಇನ್ನೊಂದು ಸಲ ಅಂದರು. ಈ ಸಲ ಸರಿಯಾಗಿ ಎಸೆದೆ. ಡಿಸ್ಕು ಬಲಕ್ಕೆ ಹೊರಳಿತು, ಹೊರಳುತ್ತಲೇ ಹೋಗಿ ಪಕ್ಕದವರ ಹೊಲಕ್ಕೆ ಬಿತ್ತು.

ಭಾವನ ಮಾತು ಈಗ ಸ್ವಲ್ಪ ತೊದಲುತ್ತದೆ. ಬಿಡಿಸಿ ಬಿಡಿಸಿ ಹೇಳಿದರು. ಅದು ಬಲಕ್ಕೆ ಹೊರಳಿತು ಅಂದರೆ ನಿನ್ನ ಕೈಗೆ ಅದು ಹಗುರವಾಯಿತು ಅಂತ ಅರ್ಥ. ಇಷ್ಟು ದಿನ ಎಸೆದು ಎಸೆದು ನಿನ್ನ ಕೈ ಬಲಿತಿದೆ. ಇನ್ನು ಭಾರದ್ದು, ಅಂಚು ಅಗಲದ್ದು ಬೇಕು. ನಾಳೆಯೇ ಮಾರ್ಥಾಳಿಗೆ ಬರಿ.

ನನಗೆ ಬೇಡ ಭಾವ, ಇದೇ ಸಾಕು ಎಂದೆ. ನೆಲ ನೋಡಿಕೊಂಡು ಹೇಳಿದೆ.

ಅವರು ಹೇಳಿದರು: "ನಿನ್ನ ಕೈ ಚೆನ್ನಾಗೈತೆ ಕಣಯ್ಯ. ಅದನ್ನ ಒಪ್ಕೊಳ್ಳೋಕೆ ಏನು ಕಷ್ಟ ನಿಂಗೆ?"

ಈಮೇಲ್ ಇನ್ನೂ ಬರೆದಿಲ್ಲ. ಇವತ್ತು ಬರೆಯಬೇಕು, ಬರೆಯುತ್ತೇನೆ. ಭಾನುವಾರ ಬಂದರೆ ಅವರು ಕೇಳುತ್ತಾರೆ.

ಆದರೆ ನಿಮಗೆ ಯಾರಿಗಾದರೂ ಗೊತ್ತಿದ್ದರೆ ಹೇಳಿ: ಚೆನ್ನಾಗಿರುವ ಕೈಯನ್ನು ಕೈ ಸೋತವರ ಎದುರು ಎಲ್ಲಿ ಇಟ್ಟುಕೊಂಡು ಕೂರಬೇಕು?