ಮುರಿದು ನೋಡಿ ಶುರು ಮಾಡಿದ ವಿಮಾನ

ವಿಸ್ಕಾನ್ಸಿನ್ನಿನ ಹಾಲಿನ ಸೀಮೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕೊಟ್ಟಿಗೆಯೊಂದರ ಮುಂದೆ ಟ್ಯಾಂಕರ್ ನಿಲ್ಲಿಸಿದ ಲೋರ್ನಾ ಟ್ವೇಟನ್, ಬೂಟಿಗೆ ಮೆತ್ತಿದ ಹಿಮವನ್ನು ಕೊಡವಿ ಒಳಗೆ ಹೋಗುತ್ತಾರೆ. ಹಾಲು ಕೆಟ್ಟಿಲ್ಲ ತಾನೇ ಎಂದು ಮೂಸಿ ನೋಡಿ, ಟ್ಯಾಂಕರ್‌ಗೆ ತುಂಬಲು ಕೊಳವೆ ಜೋಡಿಸುತ್ತಾರೆ.

"ಗಾಳಿ ಚೆನ್ನಾಗಿದೆ ಲೋರ್ನಾ, ಟ್ಯಾಂಕರ್‌ಗೇ ರೆಕ್ಕೆ ಕಟ್ಟಿಬಿಡು," ಎಂದು ಕೆಣಕುತ್ತಾನೆ ಕೊಟ್ಟಿಗೆಯ ಮಾಲೀಕ ಎಲ್ಡನ್.

"ನಿನ್ನ ಹಾಲು ಭಾರ ಕಣೋ, ಮೇಲೇಳಲ್ಲ."

ಲೋರ್ನಾ ಮನೆಯಲ್ಲಿ ವಿಮಾನ ಕಟ್ಟುತ್ತಿರುವುದು ಈ ದಾರಿಯ ಎಲ್ಲ ಕೊಟ್ಟಿಗೆಗಳಿಗೂ ಗೊತ್ತು. ಚಿಕ್ಕವರಿದ್ದಾಗ ನೆರೆಮನೆಯವರೊಬ್ಬರು ತಾವೇ ಕಟ್ಟಿದ ವಿಮಾನದಲ್ಲಿ ಇವರನ್ನು ಒಂದು ಸುತ್ತು ಹಾರಿಸಿದ್ದರು. ಅಂದಿನಿಂದ ಹತ್ತಿದ ಹುಚ್ಚು. ಮದುವೆಯ ಉಡುಗೊರೆ ಹಣದಲ್ಲಿ ತಂದ ವಿಮಾನದ ನಕ್ಷೆಗಳು ಬೀರುವಿನ ಮೇಲೆಯೇ ಉಳಿದವು. ಒಂದು ವರ್ಷ ಸೂರು ಸೋರಿತು, ಇನ್ನೊಂದು ವರ್ಷ ಕಾರು ಕೈಕೊಟ್ಟಿತು, ಆಮೇಲೆ ಇಬ್ಬರು ಹೆಣ್ಣುಮಕ್ಕಳ ಓದು. ಹಾಲಿನ ಟ್ಯಾಂಕರ್ ಓಡಿಸುವ ಲೋರ್ನಾರ ಸಂಬಳ, ಶಾಲೆಯ ಅಡುಗೆಯವನಾದ ಗಂಡ ಡ್ವೇನ್‌ನ ಸಂಬಳ, ಎರಡೂ ಮನೆಗೇ ಸರಿಹೋಗುತ್ತಿದ್ದವು.

ಕಿರಿಮಗಳು ಕೆಲಸಕ್ಕೆ ಸೇರಿದ ವರ್ಷ ಸ್ವಲ್ಪ ಉಸಿರಾಡುವಂತಾಯಿತು. ಡ್ವೇನ್‌ಗೆ ಅಡುಗೆಮನೆ ಹೊಸದು ಮಾಡಿಸುವ ಆಸೆ, ಲೋರ್ನಾಗೆ ವಿಮಾನ ಶುರು ಮಾಡುವ ಆಸೆ.

"ಏನೂ ಕೆಡದೇ ಇರೋ ವರ್ಷ ಅಂತ ಯಾವುದಾದ್ರೂ ಬರುತ್ತಾ, ಹೇಳು?" ಎಂದರು ಲೋರ್ನಾ.

"ಶುರು ಮಾಡೋರು ಊರ ತುಂಬ ಇದಾರೆ, ಮುಗಿಸೋರು ಎಲ್ಲಿ? ನಮ್ಮೂರ ರಿಕ್ಟರ್ ಮನೇಲಿ ಅರ್ಧ ಕಟ್ಟಿದ ವಿಮಾನದೊಳಗೆ ಕೋಳಿ ಕಾವಿಗೆ ಕೂತಿದೆ," ಎಂದ ಡ್ವೇನ್.

ಕೊನೆಗೊಂದು ರಾಜಿಯಾಯಿತು. ರೆಕ್ಕೆಗೆ ಆಕಾರ ಕೊಡುವ ಮರದ ಚೌಕಟ್ಟು, ಅಂದರೆ ಪಕ್ಕೆಲುಬು, ಒಂದೇ ಒಂದು ಮಾಡಿ ನೋಡುವುದು. ಅದರ ಮರಕ್ಕೆ ಬೇಕಾದದ್ದು ಅಲ್ಲಿನ ವಾಡಿಕೆಯಂತೆ ಶುಕ್ರವಾರ ಇಬ್ಬರೂ ಹೊರಗೆ ಮೀನೂಟ ಮಾಡುವಷ್ಟು ದುಡ್ಡು. ಊಟದ ಮೇಜಿನ ಮೇಲೆಯೇ ಲೋರ್ನಾ ತೆಳ್ಳನೆಯ ಕಡ್ಡಿಗಳನ್ನು ಬಗ್ಗಿಸಿ, ಅಂಟು ಹಚ್ಚಿ, ಒಣಗಲು ಬಿಟ್ಟರು.

"ಇಷ್ಟು ತೆಳ್ಳಗಿದೆ, ಇದು ನಮ್ಮನ್ನ ಹೊರುತ್ತಾ?" ಡ್ವೇನ್‌ಗೆ ಅನುಮಾನ.

"ಮುರಿದು ನೋಡು."

"ತಮಾಷೆ ಮಾಡ್ತಿದೀಯಾ?"

"ಇಲ್ಲಪ್ಪ. ಮೊಣಕಾಲು ಕೊಟ್ಟು ಮುರಿ."

ಡ್ವೇನ್ ಮುರಿದೇಬಿಟ್ಟ. ಲಟಕ್ಕೆಂಬ ಸದ್ದಿಗೆ ಅವನ ಮುಖವೇ ಬಾಡಿತು. ಲೋರ್ನಾ ಮಾತ್ರ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನಕ್ಕರು. "ನೋಡಿಲ್ಲಿ. ಮರ ಸೀಳಿದೆ, ಅಂಟು ಬಿಟ್ಟಿಲ್ಲ. ಅಂಟಿಸಿದ ಜಾಗ ಮರಕ್ಕಿಂತ ಗಟ್ಟಿಯಾಗಿದೆ ಅಂತ ಗೊತ್ತಾಗೋದೇ ಹೀಗೆ."

ಡ್ವೇನ್ ಆ ಸೀಳನ್ನು ಬೆರಳಿನಿಂದ ಸವರಿ ನೋಡಿದ. ಆಮೇಲೆ, "ಅಡುಗೆಮನೆ ಎಲ್ಲಿಗೂ ಹಾರಿಹೋಗಲ್ಲ. ನೀನು ಶುರು ಮಾಡು," ಎಂದ.

ಸಾಲ ಮಾಡುವುದಿಲ್ಲ ಎಂಬುದೊಂದೇ ಮನೆಯ ಕಟ್ಟಳೆ. ತಿಂಗಳ ಕೊನೆಗೆ ಮಿಕ್ಕರೆ ಮರ ತರುತ್ತಾರೆ, ಮಿಗದಿದ್ದರೆ ಇದ್ದದ್ದನ್ನೇ ಉಜ್ಜಿ ನುಣುಪು ಮಾಡುತ್ತಾರೆ. ಈಗ ಪಕ್ಕೆಲುಬುಗಳು ನಡುಮನೆಯ ಸೂರಿನಿಂದ ಸಾಲಾಗಿ ತೂಗುತ್ತಿವೆ, ಬಂದ ನೆಂಟರು ತಲೆ ತಗ್ಗಿಸಿಯೇ ಕೂರಬೇಕು. ಇಂಜಿನ್ ಯಾವಾಗ ಎಂದರೆ, "ರೆಕ್ಕೆ ಇಲ್ಲದೆ ಇಂಜಿನ್ ತಂದ್ರೆ ಅದರಲ್ಲಿ ಹುಲ್ಲು ಕತ್ತರಿಸಬೇಕಷ್ಟೆ," ಎನ್ನುತ್ತಾರೆ ಲೋರ್ನಾ.

ಮುಗಿಯುವುದು ಯಾವಾಗ? ಲೋರ್ನಾ ಕೈಗಂಟಿದ ಮರದ ಹುಡಿ ಒರೆಸಿಕೊಳ್ಳುತ್ತಾರೆ.

"ಯಾರಿಗೆ ಗೊತ್ತು? ಮೊದಲೆಲ್ಲ 'ಯಾವಾಗ ಶುರು ಮಾಡ್ತೀಯ' ಅಂತ ಕೇಳೋರು, ತಲೆ ಎತ್ತೋಕೆ ಆಗ್ತಿರಲಿಲ್ಲ. ಈಗ 'ಯಾವಾಗ ಮುಗಿಸ್ತೀಯ' ಅಂತಾರೆ. ಇದನ್ನ ದಿನಾ ಕೇಳಲಿ, ನಂಗೇನೂ ಬೇಜಾರಿಲ್ಲ."