ಅಲ್ಲೀತನಕ ಅದು ಚಿಬ್ಬು

ಹರಪನಹಳ್ಳಿಯ ಬೇಸಿಗೆಯಲ್ಲಿ ಅವರ ಬಲಗೈ ಮೊಣಕೈಯಿಂದ ಕೆಳಗೆ ಬೆವರಿನಲ್ಲಿ ತೊಯ್ದಿರುತ್ತಿತ್ತು, ಒಂದು ಜಾಗ ಬಿಟ್ಟು. ಅಲ್ಲಿ ವೀಳ್ಯದೆಲೆಯಷ್ಟು ಅಗಲದ ಮಾಸಲು ಮಚ್ಚೆ. ಅದರ ಮೇಲೆ ಬೆವರೂ ಇಲ್ಲ, ಕೂದಲೂ ಇಲ್ಲ. ಸುತ್ತೆಲ್ಲ ಮಳೆಯಾಗಿ ಒಂದೇ ಒಂದು ಹೊಲ ಒಣಗಿ ಉಳಿದ ಹಾಗೆ.

ಅವರು ನಮ್ಮ ಕಾಲೇಜಿನ ತರ್ಕಶಾಸ್ತ್ರದ ಮೇಷ್ಟರು. ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ತೊಂಬತ್ತರ ದಶಕದ ಮಾತು. ಬಳ್ಳಾರಿಯ ಕಾನ್ವೆಂಟಿನಲ್ಲಿ ನನ್‌ಗಳ ಕೈಯಲ್ಲಿ ಓದಿದ ನನಗೆ ಡಿಕ್ಷನರಿಯೇ ದೇವರು. ಪದದ ಅರ್ಥ ಬೇಕೆಂದರೆ ಪುಟ ತಿರುವಿದರಾಯಿತು ಎಂದು ನಂಬಿದ್ದವಳು. ಆ ನಂಬಿಕೆಯನ್ನು ಅವರು ಸ್ಟಾಫ್ ರೂಮಿನಲ್ಲಿ ಶೇಂಗಾ ಸುಲಿಯುತ್ತ, ನಗುನಗುತ್ತಲೇ ಕೆಡವಿದರು.

ಪಾಠಕ್ಕೆ ಹೋಗುವಾಗ ಪುಸ್ತಕ ಒಯ್ಯುತ್ತಿರಲಿಲ್ಲ, ಒಂದು ಬಟ್ಟೆಯ ಚೀಲ ಒಯ್ಯುತ್ತಿದ್ದರು. ಅದರಲ್ಲಿ ಒಂದು ದಿನ ಉಪ್ಪು ಮತ್ತು ಪಟಿಕ, ಇನ್ನೊಂದು ದಿನ ಬಂಗಾರದ ಹಾಗೆ ಹೊಳೆಯುವ ಹಿತ್ತಾಳೆಯ ಬಿಲ್ಲೆ. ಅವರ ಕ್ಲಾಸಿಗೂ ನನ್ನ ಕ್ಲಾಸಿಗೂ ನಡುವೆ ತೆಳ್ಳಗಿನ ಗೋಡೆ. ಒಮ್ಮೆ ಎರಡು ಮುಳ್ಳಿನ ಟೊಂಗೆ ತಂದಿದ್ದರು.

"ಇದೇನಲೇ?"

"ಜಾಲಿ, ಸರ್."

"ಇದು?"

"ಅದೂ ಜಾಲೀನ ರೀ. ಬಳ್ಳಾರಿ ಜಾಲಿ."

"ಯಾಕ ಜಾಲಿ?"

"ಮುಳ್ಳು ಅದಾವಲ್ರಿ."

"ಚುಚ್ಚೋದೆಲ್ಲ ಜಾಲಿ ಆದ್ರ ನಮ್ಮ ಪ್ರಿನ್ಸಿಪಾಲರನ್ನ ಏನಂತ ಕರೀತೀಯಲೇ?"

ಎರಡೂ ಕ್ಲಾಸು ನಕ್ಕವು, ನನ್ನದೂ ಸೇರಿ. ಆಮೇಲೆ ಅವರ ದನಿ ತಗ್ಗಿತು. "ಎರಡನ್ನೂ ಆಡಿನ ಮುಂದ ಹಿಡೀರಿ. ಕರಿಜಾಲಿ ಸೊಪ್ಪು ತಿಂತೈತಿ, ಇದರ ಸೊಪ್ಪು ಮೂಸಿ ಬಿಡ್ತೈತಿ. ಎಲ್ಲಿಂದಲೋ ಬಂದ ಗಿಡ ಇದು, ನಾವು ಮುಳ್ಳು ನೋಡಿ ನಮ್ಮ ಹೆಸರು ಕೊಟ್ವಿ. ಹೆಸರು ಇಡೋದಷ್ಟ ನಮ್ಮ ಕೈಯಾಗ ಐತಿ. ಅದು ಏನು ಅನ್ನೋದು ಅದರ ಒಳಗ ಐತಿ."

ನಾನು ವಾದಕ್ಕೆ ಇಳಿದರೆ ಸಾವಧಾನವಾಗಿ ಬಿಡಿಸಿ ಹೇಳುತ್ತಿದ್ದರು. ಯಾರೋ ಒಬ್ಬರು ಯಾವಾಗಲೋ ಹೊಳೆಯ ಕಡೆ ಬೆರಳು ಮಾಡಿ 'ನೀರು' ಅಂದರು. ಅಂದಿನಿಂದ, ಆ ಹೊಳೆಯ ಒಳಗಿದ್ದದ್ದೇ ಯಾವುದರ ಒಳಗಿದೆಯೋ ಅದೆಲ್ಲ ನೀರು. ಒಳಗೇನಿದೆ ಎಂದು ಅಂದವರಿಗೂ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ. ಮಾತು ಮಾತ್ರ ಬಾಯಿಂದ ಬಾಯಿಗೆ ಬಂತು. ತಿಳಿಯದಿದ್ದಾಗ ತಿಳಿದವರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಬೇಕು, ಅಷ್ಟೆ. "ನಮ್ಮ ತಲಿಯಾಗಿನ ಚಿತ್ರ ನೋಡಿ ನೀರು ನೀರಾಗಂಗಿಲ್ಲ, ಮೇಡಂ," ಅನ್ನುತ್ತಿದ್ದರು. ಎಷ್ಟು ಕ್ಲಿಯರ್ ಆಗಿತ್ತು ಆ ಮನುಷ್ಯನ ಬುದ್ಧಿ!

ಒಂದು ಮಧ್ಯಾಹ್ನ ಕ್ಯಾಂಟೀನಿನಿಂದ ಸ್ಟೀಲ್ ಲೋಟಗಳಲ್ಲಿ ಚಹಾ ಬಂತು. ಕುದಿಯುವ ಚಹಾ. ನಾವೆಲ್ಲ ಕರ್ಚೀಫು, ಸೆರಗು ಹುಡುಕುತ್ತಿದ್ದರೆ ಅವರು ಬಲಗೈಯಲ್ಲಿ ಲೋಟವನ್ನು ಪೂರ್ತಿ ಹಿಡಿದು ಮಾತಾಡುತ್ತಲೇ ಇದ್ದರು. ಮರುದಿನ ಅಂಗೈಯ ಅಂಚಿನಲ್ಲಿ ಬೊಬ್ಬೆ ಎದ್ದಿತ್ತು.

"ಸರ್, ಬಿಸಿ ಹತ್ತಲಿಲ್ಲೇನ್ರಿ ನಿಮಗ?" ಎಂದೆ.

"ಮಾತಿನ ಭರದಾಗ ಗೊತ್ತಾಗಲಿಲ್ಲ ಬಿಡ್ರಿ."

"ಆ ಮಚ್ಚಿ ಒಮ್ಮೆ ಡಾಕ್ಟರಿಗೆ ತೋರಿಸ್ರಿ. ಪ್ಲೀಸ್."

"ಚಿಬ್ಬು ರೀ ಅದು. ಬೆವರಿಗೆ ಚರ್ಮ ಬೆಳ್ಳಗಾಗತೈತಿ. ನಮ್ಮವ್ವ ನೋಡಿ ಹೇಳ್ಯಾಳ."

"ನೋಡಿ ಹೇಳಿದ್ರ ಆತೇನ್ರಿ? ಮುಳ್ಳು ನೋಡಿ ಜಾಲಿ ಅನ್ನಬ್ಯಾಡ್ರಿ ಅನ್ನೋರು ನೀವಲ್ಲೇನು?"

ಅವರ ಕೈಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು. ರೂಮಿನಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದರು: "ಮೇಡಂ, ಮಗಳನ್ನ ಹಿರೇಹಡಗಲಿಗೆ ಕೊಡಾಕ ಮಾತಾಗೈತಿ. ಶ್ರಾವಣದಾಗ ಮದಿವಿ. ಅಲ್ಲೀತನಕ ಅದು ಚಿಬ್ಬು."

ಅವರಿಗೆ ಗೊತ್ತಿತ್ತು. ಪರೀಕ್ಷೆಯಾದರೆ ಹೆಸರು ಬದಲಾಗುತ್ತದೆ, ಆ ಹೆಸರು ಹಿರೇಹಡಗಲಿಯನ್ನು ಮುಟ್ಟಲು ಒಂದು ಬಸ್ಸು ಸಾಕು ಎಂಬುದು. ಕಣ್ಣು ಮುಚ್ಚಿಸಿ ಚರ್ಮಕ್ಕೆ ಹತ್ತಿ ತಾಕಿಸಿ ನೋಡುವ ಆರೋಗ್ಯ ಇಲಾಖೆಯ ಹೆಣ್ಣುಮಕ್ಕಳು ಕಾಲೇಜಿಗೆ ಬಂದ ದಿನ ಅವರು ರಜೆ ಹಾಕಿದರು. ಮನೆಯಲ್ಲಿ ತಾಯಿ ಬಿಳಿ ಮಚ್ಚೆಗೆ ಹಚ್ಚುವ ಬಾವಂಚಿ ಎಣ್ಣೆ ಹಚ್ಚುತ್ತಿದ್ದರಂತೆ. ಸೆಖೆಯಲ್ಲೂ ತುಂಬುತೋಳಿನ ಅಂಗಿ ಹಾಕತೊಡಗಿದರು. ಮದುವೆ ಚೆನ್ನಾಗಿಯೇ ಆಯಿತು. ಅಕ್ಷತೆ ಹಾಕುವಾಗ ಅವರ ಕಿರುಬೆರಳೂ ಉಂಗುರಬೆರಳೂ ನೆಟ್ಟಗೆ ಬಿಚ್ಚಿಕೊಳ್ಳಲಿಲ್ಲ. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವರು ನೋಡಿದರು.

ಮಗಳನ್ನು ಕಳಿಸಿಕೊಟ್ಟ ವಾರದಲ್ಲೇ ತಾವಾಗಿ ಆಸ್ಪತ್ರೆಗೆ ಹೋದರು. ಕುಷ್ಠ. ನಮ್ಮ ಕಡೆ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ದೊಡ್ಡ ರೋಗ ಅನ್ನುತ್ತಾರೆ. ಮಾತ್ರೆ ಪುಕ್ಕಟೆ ಕೊಟ್ಟರು, ವರ್ಷದ ಮೇಲೆ ಕಾಯಿಲೆ ಪೂರ್ತಿ ವಾಸಿಯಾಯಿತು. ಕಂಪ್ಲೀಟ್ಲಿ ಕ್ಯೂರ್ಡ್. ಆದರೆ ಸತ್ತ ನರ ಮರಳಲಿಲ್ಲ, ಬೆರಳು ಬಾಗಿಯೇ ಉಳಿದವು. "ಮೊದಲ ಬಂದಿದ್ರ ಕೈ ಉಳೀತಿತ್ತು," ಎಂದರಂತೆ ಡಾಕ್ಟರು.

ಅವರು ಮಾಡಿದ ತಪ್ಪೆಂದರೆ, ಅದನ್ನು ಕ್ಲಾಸಿನಲ್ಲಿ ಹೇಳಿದ್ದು. ಚೀಲ ಇಲ್ಲದೆ ಬಂದು ಬಲಗೈಯನ್ನೇ ಮೇಜಿನ ಮೇಲಿಟ್ಟರು. "ಇದನ್ನ ನಾನು ಚಿಬ್ಬು ಅಂತ ಕರದೆ. ನಾ ಕರದಂಗ ಅದು ಕೇಳಲಿಲ್ಲ." ಗೋಡೆಯಾಚೆ ಆ ದಿನ ಯಾರೂ ನಗಲಿಲ್ಲ. ಮುಂದಿನ ವಾರ ಅವರ ಕ್ಲಾಸಿನ ಮೊದಲ ಬೆಂಚುಗಳು ಖಾಲಿ. ಸ್ಟಾಫ್ ರೂಮಿನಲ್ಲಿ ಅವರ ಲೋಟ ಉಳಿದವರ ಲೋಟಗಳಿಂದ ಬೇರೆಯಾಗಿ ಕಿಟಕಿಗೆ ಹೋಯಿತು. ಹಿರೇಹಡಗಲಿಯಿಂದ ಮಗಳು ನಾಗರ ಪಂಚಮಿಗೂ ಬರಲಿಲ್ಲ, ಗಂಡನ ಮನೆಯವರು ಕಳಿಸುವುದಿಲ್ಲ ಅಂದರಂತೆ.

ನಾನು ಅವರ ಲೋಟವನ್ನು ಮತ್ತೆ ಎಲ್ಲರ ಲೋಟಗಳಿದ್ದ ತಟ್ಟೆಗೆ ತಂದಿಡುತ್ತಿದ್ದೆ. ನಿವೃತ್ತಿಯ ಮುಂಚೆ ಒಂದು ದಿನ ಅದನ್ನು ನೋಡುತ್ತ ಅಂದರು: "ಬ್ಯಾನಿ ಹೋತು ಮೇಡಂ, ಹೆಸರು ಹೋಗವಲ್ದು. ಒಳಗ ಏನೂ ಇಲ್ಲದ ಹೆಸರು. ಇದನ್ನ ನಾನು ಹುಡುಗರಿಗೆ ಕಲಿಸಲೇ ಇಲ್ಲ ನೋಡ್ರಿ."

ಕೆಲವು ವರ್ಷಗಳ ನಂತರ ಹೃದಯಾಘಾತದಿಂದ ಹೋದರು. ಪದ್ಧತಿಯಂತೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಬಲಗೈಯ ಮೇಲೆ ಯಾರೋ ಟವೆಲ್ ಹೊದಿಸಿದ್ದರು. ನೆರೆದವರು ಕಡಿಮೆ. "ಹಾರ್ಟ್ ಅಟ್ಯಾಕ್" ಎಂದು ನಾನು ಹೇಳಿದರೆ, ಕೇಳಿದವರು ಟವೆಲ್ಲಿನ ಕಡೆ ನೋಡಿ ತಲೆಯಾಡಿಸುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಮಗಳು ಬಂದಳು, ಗಂಡನ ಜೊತೆ. ಅತ್ತಳು. ಆಮೇಲೆ ನನ್ನ ಪಕ್ಕ ಕೂತು, ಗಂಡನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಆಂಟಿ, ಅಪ್ಪಾಜಿ ಕೈ ಮುಟ್ಟಬೌದೇನ್ರಿ?"

"ಮುಟ್ಟವ್ವಾ. ಏನೂ ಇಲ್ಲ ಅದರಾಗ. ಯಾವಾಗೋ ಹೋಗೈತಿ."

ಅವಳು ಎದ್ದು ಹೋದಳು. ಟವೆಲ್ಲಿನ ಅಂಚನ್ನು ಒಂದು ಕ್ಷಣ ಹಿಡಿದಳು. ಬಿಟ್ಟು, ಬಗ್ಗಿ, ಪಾದ ಮುಟ್ಟಿದಳು.