ಧರೆಪ್ಪನ ಎರಡು ತಂತಿ

ಸದಲಗಾದಲ್ಲಿ ಮೋಟಾರ್ ಕೆಟ್ಟರೆ ಜನ ಮೊದಲು ದೇವರಿಗೆ ಕೈಮುಗಿದು, ಆಮೇಲೆ ಧರೆಪ್ಪನ ಬಳಿ ಬರುತ್ತಿದ್ದರು. ಈ ಸರದಿ ಧರೆಪ್ಪನಿಗೆ ಒಪ್ಪಿಗೆಯಿರಲಿಲ್ಲ. ಮೂವತ್ತು ವರ್ಷ ಮೋಟಾರಿಗೆ ತಂತಿ ಸುತ್ತಿದ ಅವನ ಶಾಸ್ತ್ರ ಒಂದೇ ಸಾಲಿನದು: ಬಣ್ಣಕ್ಕೆ ಬಣ್ಣ, ಹೆಸರಿಗೆ ಹೆಸರು ಜೋಡಿಸು.

ಆ ಮುಂಜಾನೆ ಹಾಲಿನ ಡೇರಿಯಲ್ಲಿ ಶಾಸ್ತ್ರ ಕೈಕೊಟ್ಟಿತ್ತು.

ಫ್ಯಾಟ್ ಅಳೆಯುವ ಮಷೀನಿನ ಅಂಕಿ ತಂತಿಯಲ್ಲಿ ಹರಿದು ಕಂಪ್ಯೂಟರಿಗೆ ಹೋಗಿ, ಚೀಟಿಯಾಗಿ ಬರಬೇಕು. ಯಾರ ಹಾಲು ಎಂಥದು ಎಂಬುದು ಊರಿಗಿಂತ ಮೊದಲು ತಮಗೆ ತಿಳಿಯಲೆಂದು ಚೇರ್ಮನ್ ತಾತ್ಯಾಸಾಹೇಬರು ಕಂಪ್ಯೂಟರನ್ನು ತಮ್ಮ ಕುರ್ಚಿಯ ಪಕ್ಕಕ್ಕೆ ಎಳೆಸಿದ್ದರು. ತಂತಿ ಸಾಲದೆ, ಧರೆಪ್ಪ ಹಿಂದಿನ ದಿನ ಹಳೆಯದನ್ನು ಕತ್ತರಿಸಿ ಎಸೆದು ಉದ್ದನೆಯದನ್ನು ಬಿಗಿದಿದ್ದ. ಈಗ ಪರದೆ ಖಾಲಿ. ಕೈಯಲ್ಲಿ ಬರೆದ ಚೀಟಿಯನ್ನು ಟ್ಯಾಂಕರಿನವರು ಒಪ್ಪುವುದಿಲ್ಲ. ಹಿಂದೊಮ್ಮೆ ಯಾರೋ ಬೀಗರ ಎಮ್ಮೆಗೆ ಧಾರಾಳವಾಗಿ ಫ್ಯಾಟ್ ಬರೆದಿದ್ದರಂತೆ. ಎಂಟಕ್ಕೆ ಟ್ಯಾಂಕರ್ ಬರಿದೇ ಹೊರಟರೆ ಊರ ಹಾಲೆಲ್ಲ ಒಡೆದಂತೆಯೇ. ಗಡಿಯಾರದಲ್ಲಿ ಏಳೂ ನಲವತ್ತು.

ಧರೆಪ್ಪ ಮೀಟರ್ ಹಚ್ಚಿ ನೋಡಿದ. ತಂತಿ ಎಲ್ಲೂ ತುಂಡಾಗಿರಲಿಲ್ಲ. ಮಷೀನಿನ ಮೇಲೆ ಟಿಎಕ್ಸ್ ಎಂದಿದ್ದಲ್ಲಿಂದ ಕಂಪ್ಯೂಟರಿನ ಟಿಎಕ್ಸ್‌ಗೆ, ಆರ್‌ಎಕ್ಸ್‌ನಿಂದ ಆರ್‌ಎಕ್ಸ್‌ಗೆ. ಹೆಸರಿಗೆ ಹೆಸರು.

"ನನ್ನ ಕೆಲಸ ಬರೋಬರಿ ಐತಿ. ಮಷೀನ ಮೂಕ ಐತಿ," ಎಂದ. ಅಂಗಿ ಮಾತ್ರ ಬೆನ್ನಿಗೆ ಅಂಟಿತ್ತು.

"ನಿನ್ನೆ ನೀ ಬರೂತನಕ ಮಾತಾಡ್ತಿತ್ತಲ್ಲೋ, ತಮ್ಮಾ," ಎಂದಳು ಕ್ಯಾನ್ ಹಿಡಿದು ಪಾಳಿಯಲ್ಲಿ ಮೊದಲು ನಿಂತಿದ್ದ ಶಿವಗಂಗವ್ವ.

ಬಾಗಿಲಲ್ಲಿ ಟ್ಯಾಂಕರಿನ ಡ್ರೈವರ್ ಮಾಳೇಶ, "ಸಾಹೇಬ್ರ, ಮುಂದ ಇನ್ನಾ ಎರಡು ಊರ ಅದಾವ್ರಿ," ಎನ್ನುತ್ತಿದ್ದಂತೆಯೇ ತಾತ್ಯಾಸಾಹೇಬರು, "ನಾ ಚೇರ್ಮನ್ ಅದೀನಿ, ಥಾಂಬ, ನಿಲ್ಲು," ಎಂದು ಶುರುಮಾಡಿದರು. ಅವನು ಮಾತು ನಿಲ್ಲಿಸಲಿಲ್ಲ, ಇವರೂ ಬಿಡಲಿಲ್ಲ.

ಕಂಪ್ಯೂಟರಿನ ಮುಂದೆ ಕೂತಿದ್ದ ಕೋಮಲ ತಲೆ ಹಿಡಿದುಕೊಂಡಳು. "ಇಬ್ರೂ ಹೇಳಾವ್ರ ಆದ್ರ ಕೇಳಾವ್ರು ಯಾರ್ರಿ?"

ಧರೆಪ್ಪನ ಕೈ ತಂತಿಯ ಮೇಲೇ ನಿಂತಿತು.

"ಕೋಮಲವ್ವಾ, ಈ ಟಿಎಕ್ಸ್ ಅಂದ್ರ ಏನ?"

"ಕಳಸೂದು, ಕಾಕಾ. ಆರ್‌ಎಕ್ಸ್ ಅಂದ್ರ ತಗೊಳ್ಳೂದು."

"ಯಾರು ಕಳಸೂದು?"

"ಯಾವದರ ಮ್ಯಾಲ ಬರದೈತಿ, ಅದು."

ಅಂದರೆ ಎರಡು ಬಾಯಿಗಳನ್ನು ಒಂದು ತಂತಿಯಲ್ಲಿ, ಎರಡು ಕಿವಿಗಳನ್ನು ಇನ್ನೊಂದರಲ್ಲಿ ಕಟ್ಟಿ ತಾನು ಚಹಾ ಕುಡಿದು ಹೋಗಿದ್ದ. ಒಂದು ಕಡೆ ಎರಡೂ ತಂತಿ ಅದಲುಬದಲಾಗಬೇಕು. ಮೋಟಾರ್ ಉಲ್ಟಾ ತಿರುಗಿದರೆ ಎರಡು ತಂತಿ ಅದಲುಬದಲು ಮಾಡುವುದು ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಆದರೆ ಮೋಟಾರಿನಲ್ಲಿ ತಪ್ಪಿದರೆ ಹೊಗೆ ಬರುವುದನ್ನೂ ಅವನು ಕಂಡಿದ್ದ. ಈ ಮಷೀನು ಸುಟ್ಟರೆ ಇವತ್ತಿನದಷ್ಟೇ ಅಲ್ಲ, ನಾಳಿನ ಹಾಲೂ ಹೋದಂತೆ.

"ಸುಡತೈತೇನ?" ಎಂದು ಮೆಲ್ಲಗೆ ಕೇಳಿದ. ಮೂವತ್ತು ವರ್ಷದಲ್ಲಿ ಅವನು ಇನ್ನೊಬ್ಬರನ್ನು ಕೇಳಿದ್ದು ಇವತ್ತೇ ಮೊದಲು.

"ಬಂದ್ ಮಾಡಿ ಬದಲ ಮಾಡ್ರಿ. ಏನೂ ಆಗಂಗಿಲ್ಲ."

ಏಳೂ ಐವತ್ತೆರಡು. ಸ್ವಿಚ್ ಆರಿಸಿ, ಅರ್ತಿಂಗಿನ ಕರಿ ತಂತಿಯನ್ನು ಮುಟ್ಟದೆ ಮಷೀನಿನ ಕಡೆಯ ಉಳಿದೆರಡನ್ನು ಬಿಚ್ಚಿದ. ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಶಿವಗಂಗವ್ವ ಹೆಕ್ಕಿ ಕೊಟ್ಟಳು. ಮಾಳೇಶ ಟ್ಯಾಂಕರ್ ಹತ್ತಿ ಗಾಡಿ ಚಾಲೂ ಮಾಡಿದ. ಧರೆಪ್ಪ ಅದಲುಬದಲು ಮಾಡಿ ಬಿಗಿದು, ಕಣ್ಣು ಮುಚ್ಚಿ ಸ್ವಿಚ್ ಒತ್ತಿದ.

ಹೊಗೆಯ ವಾಸನೆ ಬರಲಿಲ್ಲ. ಕೋಮಲ ಶಿವಗಂಗವ್ವನ ಹಾಲನ್ನು ಮಷೀನಿಗೆ ಹಿಡಿದಳು.

"ಆರು ಪಾಯಿಂಟ್ ಎಂಟು," ಎಂದು ಪರದೆ ನೋಡಿ ಓದಿದಳು. ಚೀಟಿ ಕಿರಗುಡುತ್ತ ಹೊರಬಂತು. ಹೊರಗೆ ಟ್ಯಾಂಕರಿನ ಸದ್ದು ನಿಂತಿತು.

"ನಾ ಮೊದಲ ಹೇಳಿದ್ನಿ," ಎಂದು ತಾತ್ಯಾಸಾಹೇಬರು ಮೀಸೆ ಮುಟ್ಟಿಕೊಂಡರು. ಏನು ಹೇಳಿದ್ದರೆಂದು ಯಾರೂ ಕೇಳಲಿಲ್ಲ.

ಧರೆಪ್ಪ ಪೆನ್ನು ಬೇಡಿ, ತಂತಿಗಳ ತುದಿಗೆ ಚೀಟಿ ಅಂಟಿಸಿ ಬರೆದ: ಇಲ್ಲಿ ಬಾಯಿ, ಅಲ್ಲಿ ಕಿವಿ.

"ನಿನಗೂ ಒಂದ ಅಂಟಿಸ್ಕೋ, ತಮ್ಮಾ," ಎಂದಳು ಶಿವಗಂಗವ್ವ, ಖಾಲಿ ಕ್ಯಾನ್ ಎತ್ತಿಕೊಳ್ಳುತ್ತ. "ಕಿವೀದು."